ಸಿಸ್ಟರಿಗೆ ನಾನು ಕಲಿಸಿದ ಮೊದಲ ಮಾತು

ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ನನ್ನ ಪಕ್ಕ ಕೂತಳು.

"ಅಜ್ಜಾ, ‘ನನ್ನ ಮೆಚ್ಚಿನ ಶಿಕ್ಷಕರು’ ಅಂತ ಒಂದು ಪುಟ ಬರೀಬೇಕು. ನಮ್ಮ ಮಿಸ್ ಹೆಸರು ಬರದೆ, ಕಲಿಸೋ ವಿಷಯ ಬರದೆ. ಮುಂದ ಏನ್ ಬರೀಲಿ?"

"ಅವರು ಯಾವೂರವರು?"

"ಗೊತ್ತಿಲ್ಲ."

"ಮನಿಯಾಗ ಯಾವ ಮಾತು ಆಡ್ತಾರ?"

"ಅದನ್ನೆಲ್ಲಾ ಕೇಳ್ತಾರೇನಜ್ಜಾ?"

"ಕೇಳಬೇಕವ್ವಾ" ಎಂದೆ. ಹಾಗೆ ಹೇಳಲು ಕಾರಣವಿದೆ.

ಐವತ್ತು ವರ್ಷಕ್ಕೂ ಹಿಂದಿನ ಮಾತು. ಆಗ ಕೊಪ್ಪಳ ಜಿಲ್ಲೆ ಇರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯಲ್ಲಿದ್ದವು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾನು ಕಲಿತದ್ದು ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ಒಂದು ಸಣ್ಣ ಪ್ರಾಥಮಿಕ ಶಾಲೆಯಲ್ಲಿ. ತಗಡಿನ ಮಾಡು, ಅಂಗಳದಲ್ಲೊಂದು ಬೇವಿನ ಮರ. ಕಲಿಸುವವರು ಐದೇ ಮಂದಿ. ಆ ಐದು ಮಂದಿ ಐದು ಲೋಕದಿಂದ ಬಂದವರು.

ದೊಡ್ಡ ಸಿಸ್ಟರ್ ಮಂಗಳೂರು ಕಡೆಯವರು. ಮನೆಮಾತು ಕೊಂಕಣಿ. ಊರಿಗೆ ಬರೆಯುವ ಪತ್ರ ಕೊಂಕಣಿಯಲ್ಲೇ, ಆದರೆ ಅಕ್ಷರ ಮಾತ್ರ ಕನ್ನಡದ್ದು. ಮಂಗಳೂರಿನಲ್ಲಿ 1938ರಿಂದ ಬರುತ್ತಿದ್ದ ‘ರಾಕ್ಣೊ’ ಎಂಬ ಕೊಂಕಣಿ ವಾರಪತ್ರಿಕೆಯೂ ಕನ್ನಡ ಲಿಪಿಯದ್ದೇ. ನಾವು ಅದರ ಅಕ್ಷರ ಓದಿಬಿಡುತ್ತಿದ್ದೆವು, ಅರ್ಥ ಮಾತ್ರ ಆಗುತ್ತಿರಲಿಲ್ಲ. ವಾರಗಟ್ಟಲೆ ಬಿಡದೆ ಸುರಿವ ಮಳೆ ನೋಡಿ ಬೆಳೆದ ಅವರು, ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಪಾಠ ನಿಲ್ಲಿಸಿ ಎಲ್ಲರನ್ನೂ ಅಂಗಳಕ್ಕೆ ಬಿಡುತ್ತಿದ್ದರು.

ಕನ್ನಡ ಕಲಿಸುವ ಮಾಸ್ತರು ಮುದಗಲ್ಲಿನವರು. "ಮಾಸ್ತರ್ರೀ, ನಿಮ್ಮ ಮಂದಿ ಯಾವ ದೇಶದಿಂದ ಬಂದಾರ್ರಿ?" ಎಂದು ಒಬ್ಬ ಕೇಳಿಯೇಬಿಟ್ಟ. ಮಾಸ್ತರು ನಕ್ಕರು. "ನಮ್ಮಜ್ಜ, ಮುತ್ತಜ್ಜ ಎಲ್ಲಾರೂ ಇದ ಮಣ್ಣಿನವ್ರೋ ತಮ್ಮಾ. ಬಿಜಾಪುರದ ಆದಿಲಶಾಹಿಗಳ ಕಾಲದಿಂದ ಮುದಗಲ್ಲದಾಗ ಕ್ರೈಸ್ತರದಾರ" ಎಂದರು. ಮೊಹರಂ ಬಂತೆಂದರೆ ಅವರು ರಜೆ ಹಾಕಿ ಊರಿಗೆ ಹೊರಡುತ್ತಿದ್ದರು. ಮುದಗಲ್ಲಿನ ಮೊಹರಂ ಊರಿನ ಎಲ್ಲರ ಹಬ್ಬ.

ಲೆಕ್ಕದ ಮಾಸ್ತರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯವರು. ಹಣೆ ತುಂಬ ವಿಭೂತಿ. ಆದರೆ ಕೂಡುವ ಲೆಕ್ಕ ಉದ್ದವಾದರೆ ಅವರ ತುಟಿ ತಾನಾಗಿ ಉರ್ದುವಿನಲ್ಲಿ ಎಣಿಸುತ್ತಿತ್ತು. ನಮಗೆ ನಗು. ನಮ್ಮ ಸೀಮೆ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದಾಗ ಅವರು ಉರ್ದುವಿನಲ್ಲಿ ಶಾಲೆ ಕಲಿತವರು. ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ. ನಾವು ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. "ಮನಿಯಾಗೊಂದು ಮಾತು, ಶಾಲಿಯಾಗೊಂದು ಮಾತು. ಮಗ್ಗಿ ಬಾಯಿಗೆ ಬಂತು, ಅರ್ಥ ಆಗಾಕ ವರ್ಷ ಬೇಕಾತು" ಎನ್ನುತ್ತಿದ್ದರು.

ವಾರಕ್ಕೊಮ್ಮೆ ಚಿತ್ರ ಕಲಿಸಲು ಬರುತ್ತಿದ್ದವರು ಕಿನ್ನಾಳದ ಚಿತ್ರಗಾರರ ಮನೆಯವರು. ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ನಮ್ಮ ಕಣ್ಣೆದುರೇ ಗಿಳಿ ಮಾಡುತ್ತಿದ್ದರು.

ಐದನೆಯವರು ಎರಡನೆಯ ಇಯತ್ತೆಯ ಸಣ್ಣ ಸಿಸ್ಟರ್. ಕೇರಳದಿಂದ ಬಂದು ಆರು ತಿಂಗಳಾಗಿತ್ತು. ಅವರಿಗೆ ಗೊತ್ತಿದ್ದದ್ದು ಪುಸ್ತಕದ ಕನ್ನಡ. ನಾವು ಆಡುವುದು ಬೇರೆ. "ಹೋಗಿ ಬರ್ತೇನ್ರಿ" ಎಂದರೂ ಮುಖ ಮುಖ ನೋಡುತ್ತಿದ್ದರು.

ಬ್ಯಾಸಿಗೆಯ ಒಂದು ದಿನ. ನನ್ನ ಪಕ್ಕದಲ್ಲಿ ಕೂರುವ ಹುಡುಗ ಕುಷ್ಟಗಿ ಕಡೆಯವನು. ಅಲ್ಲಿ ಮಳೆ ಹೋಗಿ, ಅವನ ಅಪ್ಪ ಅವ್ವ ಗಂಗಾವತಿಯ ಭತ್ತದ ಗದ್ದೆಗೆ ಕೂಲಿಗೆ ಬಂದಿದ್ದರು. ಅವನು ದೂರದಿಂದ ನಡೆದು ಬರುತ್ತಿದ್ದ. ಆವತ್ತು ಎದ್ದು ನಿಂತು, "ಸಿಸ್ಟರ್ರೀ, ನೀರಡಿಕ್ಯಾಗೇತ್ರಿ" ಎಂದ.

ಸಿಸ್ಟರ್ ಹುಬ್ಬು ಗಂಟಿಕ್ಕಿದರು. "ಅಡಿಕೆಯಾ? ಶಾಲೆಯಲ್ಲಿ ಅಡಿಕೆ ತಿನ್ನಬಾರದು. ಕುಳಿತುಕೋ!"

ನನಗೆ ತಕ್ಷಣ ಗೊತ್ತಾಯಿತು. ಅವರು ಕಲಿತ ಪುಸ್ತಕದಲ್ಲಿ ‘ಬಾಯಾರಿಕೆ’ ಇತ್ತು, ‘ನೀರಡಿಕೆ’ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಬಾಯಿಗೆ ಕೈ ಹಚ್ಚಿ ನಕ್ಕೆ. ನನ್ನ ನೋಡಿ ಹಿಂದಿನ ಸಾಲೂ ನಕ್ಕಿತು. ಹುಡುಗ ಮತ್ತೊಮ್ಮೆ ಕೇಳಿದ, ಮತ್ತೊಮ್ಮೆ ಬೈಸಿಕೊಂಡ. ಸ್ವಲ್ಪ ಹೊತ್ತಿಗೆ ಅವನ ತಲೆ ನನ್ನ ಹೆಗಲ ಮೇಲೆ ವಾಲಿತು. ಕಣ್ಣು ಮುಚ್ಚಿತ್ತು.

ಸಿಸ್ಟರ್ ಓಡಿ ಬಂದು ಎತ್ತಿಕೊಂಡರು. ಮುಖಕ್ಕೆ ನೀರು ಚಿಮುಕಿಸಿ, ಗುಟುಕು ಗುಟುಕಾಗಿ ಕುಡಿಸಿದರು. ಅವನು ಕಣ್ಣು ಬಿಟ್ಟಾಗ ಅವರ ಕಣ್ಣು ತುಂಬಿತ್ತು. ಎಲ್ಲರ ಮುಂದೆ ಅವನ ಕೈ ಹಿಡಿದು, "ತಪ್ಪು ನನ್ನದು, ಮಗು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತು ಅಲ್ಲವಾ?"

ನಾನು ತಲೆ ತಗ್ಗಿಸಿದೆ. ಬೆತ್ತ ಬರುತ್ತದೆಂದು ಕೈ ಚಾಚಿದೆ. ಅವರು ಆ ಕೈಯಲ್ಲಿ ಸೀಮೆಸುಣ್ಣ ಇಟ್ಟರು. "ಹಲಗೆಯ ಮೇಲೆ ಆ ಮಾತು ಬರಿ" ಎಂದರು. ‘ನೀರಡಿಕೆ’ ಎಂದು ಬರೆಯುವಷ್ಟರಲ್ಲಿ ನನಗೂ ಅಳು ಬಂದಿತ್ತು.

"ನಾಳೆಯಿಂದ ದಿನಕ್ಕೊಂದು ಮಾತು ನೀವಿಬ್ಬರೂ ನನಗೆ ಕಲಿಸಬೇಕು. ನಾನೂ ಒಂದು ಕಲಿಸುತ್ತೇನೆ" ಎಂದರು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಬೇವಿನ ಕೆಳಗೆ ನಮ್ಮ ಪಾಠ. ‘ವೆಳ್ಳಂ’ ಎಂದರೆ ನೀರು ಎಂದು ಹೇಳಿಕೊಟ್ಟರು. ನೀರಡಿಕೆಗೆ ಅವರಲ್ಲಿ ‘ದಾಹಂ’. "ದಾಹ ನಮ್ಮದರಾಗೂ ಐತ್ರಿ!" ಎಂದು ನಾವಿಬ್ಬರೂ ಕೂಗಿದೆವು. ಸಿಸ್ಟರ್ ಚಪ್ಪಾಳೆ ತಟ್ಟಿದರು. ವರ್ಷ ಮುಗಿಯುವ ಹೊತ್ತಿಗೆ ಅವರ ಕನ್ನಡ ನಮ್ಮವ್ವನ ಕನ್ನಡದ ಹಾಗೇ ಆಗಿತ್ತು.

ಮುಂದೆ ನನಗೆ ಬ್ಯಾಂಕಿನಲ್ಲಿ ನೌಕರಿಯಾಗಿ ಪಾಲಕ್ಕಾಡಿಗೆ ವರ್ಗವಾಯಿತು. ರೈಲು ಇಳಿದು, ಗಂಟಲು ಒಣಗಿ, ಒಂದು ಚಹದಂಗಡಿಯ ಮುಂದೆ ನಿಂತೆ. ಕೇಳುವ ಮಾತು ತೋಚಲಿಲ್ಲ. ಪಕ್ಕದವರು ನನ್ನ ನೋಡಿ ನಕ್ಕರು. ಆಗ ಬೇವಿನ ಮರ ನೆನಪಾಯಿತು. "ವೆಳ್ಳಂ" ಎಂದೆ. ಅಂಗಡಿಯವನು ದೊಡ್ಡ ಲೋಟ ತುಂಬಿ ಕೊಟ್ಟ. ಕುಡಿಯುತ್ತ, ಪರ ಊರಿನಲ್ಲಿ ಒಬ್ಬರೇ ನಿಂತು ನಮಗೆ ಅ ಆ ಇ ಈ ಕಲಿಸಿದ ಆ ಹುಡುಗಿಗೆ ಆಗ ಎಷ್ಟು ವಯಸ್ಸಿದ್ದಿರಬಹುದು ಎಂದು ಮೊದಲ ಸಲ ಯೋಚಿಸಿದೆ. ಹೆಚ್ಚೆಂದರೆ ಇಪ್ಪತ್ತೆರಡು.

ಕತೆ ಕೇಳಿ ಮೊಮ್ಮಗಳು ಸುಮ್ಮನೆ ಕೂತಳು. ಮರುದಿನ ಓಡುತ್ತ ಬಂದಳು.

"ಅಜ್ಜಾ, ನಮ್ಮ ಮಿಸ್ ಕುಷ್ಟಗಿಯವರು! ಸಣ್ಣಾಕಿದ್ದಾಗ ದಿನಾ ಎರಡು ಕೊಡ ನೀರು ತಂದಿಟ್ಟು ಶಾಲಿಗೆ ಹೋಗ್ತಿದ್ರಂತ. ಇದನ್ನ ಇಲ್ಲೀತನಕ ಯಾರೂ ಕೇಳಿದ್ದೇ ಇಲ್ಲಂತ."

ಒಂದು ಪುಟ ಸಾಲಲಿಲ್ಲ. ಮೂರು ಪುಟ ಬರೆದಿದ್ದಾಳೆ.