ಹತ್ತು ಸಾವಿರ ಎಸೆತ, ಆರೇ ಆರು ಲ್ಯೂರ್

ಮಸ್ಕಿ ಅಂದ ಕೂಡಲೇ ರಾಯಚೂರು ಜಿಲ್ಲೆಯ ಊರು, ಅಶೋಕನ ಶಾಸನ ನೆನಪಾದರೆ ತಪ್ಪು ನಿಮ್ಮದಲ್ಲ. ನನಗೂ ಮೊದಲ ಸಲ ಹಾಗೇ ಆಗಿತ್ತು. ನಾನೀಗ ಹೇಳಹೊರಟಿರುವ ಮಸ್ಕಿ ಒಂದು ಮೀನು. ಪೂರ್ತಿ ಹೆಸರು ಮಸ್ಕಲಂಜ್. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಹೊಂಚು ಹಾಕಿ ಬೇಟೆಯಾಡುವ, ನಾಲ್ಕು ಅಡಿ ಉದ್ದಕ್ಕೂ ಬೆಳೆಯುವ, ಬಾಯಿ ತುಂಬ ಸೂಜಿಯಂಥ ಹಲ್ಲಿರುವ ಮೀನು. ಇಲ್ಲಿಯವರು ಇದನ್ನು ‘ಹತ್ತು ಸಾವಿರ ಎಸೆತದ ಮೀನು’ ಅಂತಾರೆ. ಅಷ್ಟು ಸಲ ಗಾಳ ಎಸೆದರೆ ಒಂದು ಸಿಕ್ಕೀತು ಅನ್ನೋ ಲೆಕ್ಕ.

ಮಿನಿಯಾಪೊಲಿಸ್‌ನಿಂದ ಸುಮಾರು ಎರಡೂವರೆ ಗಂಟೆ ಕಾರು ಓಡಿಸಿದರೆ ವಿಸ್ಕಾನ್ಸಿನ್‌ನ ಹೇವರ್ಡ್ ಸಿಗುತ್ತದೆ. 1955ರಿಂದ ಮಸ್ಕಿ ಆ ರಾಜ್ಯದ ಅಧಿಕೃತ ಮೀನು. ಹೇವರ್ಡ್ ಅದರ ರಾಜಧಾನಿ ಇದ್ದ ಹಾಗೆ. ಇಲ್ಲಿನ ಮೀನುಗಾರಿಕೆ ಮ್ಯೂಸಿಯಂನ ಅಂಗಳದಲ್ಲಿ 143 ಅಡಿ ಉದ್ದದ ಫೈಬರ್‌ಗ್ಲಾಸ್ ಮಸ್ಕಿ ಇದೆ. ಅದರ ಒಳಗಿಂದಲೇ ಹತ್ತಿ ಬಾಯಿಗೆ ಬಂದು, ಹಲ್ಲುಗಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ನಾನೂ ತೆಗೆಸಿಕೊಂಡಿದ್ದೇನೆ. ಆದರೆ ಈ ಸಲ ಮೇ ತಿಂಗಳಲ್ಲಿ, ಸೀಸನ್ ಶುರುವಾಗುವ ಮೊದಲೇ ಅಲ್ಲಿಗೆ ಹೋದದ್ದು ಲ್ಯೂರ್ ಆರಿಸಲಿಕ್ಕೆ.

ಲ್ಯೂರ್ ಅಂದರೆ ಹುಸಿ ಎರೆ. ನಮ್ಮ ಊರ ಕೆರೆಯಲ್ಲಿ ಅಪ್ಪ ಗೆಂಡೆ ಮೀನಿಗೆ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸುತ್ತಿದ್ದರು. ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದವರೂ ರಾಗಿ ಉಂಡೆಯನ್ನೇ ನೆಚ್ಚಿಕೊಂಡಿದ್ದರು. ಅದು ಹಸಿದ ಮೀನಿಗೆ ಊಟ. ಮಸ್ಕಿಯ ಲ್ಯೂರ್ ಊಟವೇ ಅಲ್ಲ. ಮರ, ಲೋಹ, ರಬ್ಬರು, ಕೂದಲು ಸೇರಿಸಿ ಮಾಡಿದ ಸುಳ್ಳು. ಹಸಿವಿಲ್ಲದ ಮೀನಿಗೂ ‘ಯಾರೋ ಇದು ನನ್ನ ಜಾಗಕ್ಕೆ ಬಂದವನು’ ಅಂತ ಸಿಟ್ಟು ಬರಿಸಬೇಕು. ಹಾಗಾಗಿ ಯಾವ ಸುಳ್ಳು ಹೇಳುವುದು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ.

ಹೇವರ್ಡ್‌ನ ಅಂಗಡಿಯಲ್ಲಿ ಒಂದಿಡೀ ಗೋಡೆ ಲ್ಯೂರ್‌ಗಳೇ. ಹಬ್ಬದ ಹಿಂದಿನ ದಿನದ ಬಳೆ ಅಂಗಡಿ ನೋಡಿದಂತೆ ಕಣ್ಣು ಕೋರೈಸುತ್ತದೆ. ಒಂದೊಂದಕ್ಕೆ 30 ಡಾಲರ್ ಆಸುಪಾಸು. ಮೂರು ವರ್ಷದಲ್ಲಿ ಹೀಗೆ ಕೊಂಡು ಕೊಂಡೇ ನನ್ನ ಹತ್ತಿರ 31 ಲ್ಯೂರ್ ಆಗಿದ್ದವು. ಬುಟ್ಟಿಗೆ ಇನ್ನೆರಡು ಹಾಕಿಕೊಳ್ಳುವಾಗ ಕೌಂಟರ್‌ನಲ್ಲಿದ್ದ ಹಿರಿಯರು ಕೇಳಿದರು, “ಯಾವ ನೀರಿಗೆ ಇಳಿಯುತ್ತೀರಿ? ಆ ದಿನ ನೀರಿನ ಬಿಸಿ ಎಷ್ಟಿರುತ್ತೆ?”

ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೆಯದಂತೂ ಚುಚ್ಚಿತು. ಯಾಕೆ ಅಂತ ಹೇಳುತ್ತೇನೆ.

ಆಗಸ್ಟ್‌ನ ಆ ನಾಲ್ಕು ನಿಮಿಷ

ಕಳೆದ ವರ್ಷ ಆಗಸ್ಟ್‌ನಲ್ಲಿ ನನಗೆ ಮೊದಲ ಮಸ್ಕಿ ಸಿಕ್ಕಿತು. ಸೆಖೆ ವಿಪರೀತ. ನೀರು ಕೈಗೆ ಬೆಚ್ಚಗೆ ತಾಗುತ್ತಿತ್ತು. ಲ್ಯೂರ್‌ಗೆ ಮೂರು ಮುಳ್ಳಿನ ಕೊಕ್ಕೆಗಳು ಮೂರು. ಒಂದು ದವಡೆಗೆ, ಇನ್ನೊಂದು ಕಿವಿರಿನ ಪಕ್ಕ ಸಿಕ್ಕಿಕೊಂಡಿತ್ತು, ಮೂರನೆಯದು ಬಲೆಗೆ. ನನ್ನ ಹತ್ತಿರ ಇದ್ದದ್ದು ಮನೆಯಲ್ಲಿ ಮೊಳೆ ಕೀಳುವ ಪಕ್ಕಡ್. ಬಿಡಿಸಿ, ಮೇಲೆತ್ತಿ, ಫೋಟೊ ತೆಗೆಸಿಕೊಂಡು, ‘ಇನ್ನೊಂದು, ಇನ್ನೊಂದು’ ಅಂತ ಗೆಳೆಯನಿಗೆ ಹೇಳಿ ನೀರಿಗೆ ಬಿಡುವಷ್ಟರಲ್ಲಿ ನಾಲ್ಕು ನಿಮಿಷ ಆಗಿರಬೇಕು. ಮೀನು ಮಗ್ಗುಲಾಯಿತು. ಬಾಲ ಹಿಡಿದು ನೆಟ್ಟಗೆ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಕೈಯಿಂದ ಜಾರಿ ನಿಧಾನಕ್ಕೆ ಕೆಳಗಿಳಿಯಿತು. ಈಜಿ ಹೋಯಿತೋ ಮುಳುಗಿತೋ ಇವತ್ತಿಗೂ ಗೊತ್ತಿಲ್ಲ.

ಫೋಟೊಗೆ ಲೈಕ್ ಬಹಳ ಬಂದವು. ವಿಡಿಯೊ ಕಾಲ್‌ನಲ್ಲಿ ಅಪ್ಪ ಮಾತ್ರ ಕೇಳಿದರು, “ತಿನ್ನೋದಿಲ್ಲ ಅಂದ ಮೇಲೆ ಅಷ್ಟೊತ್ತು ಯಾಕಪ್ಪ ಹಿಡ್ಕೊಂಡಿದ್ದೆ?”

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ದೊಡ್ಡ ಮೀನು ಗುದ್ದಾಡಿ ದಣಿದರೆ ಚೇತರಿಸಿಕೊಳ್ಳುವುದು ಕಷ್ಟ. ನೀರು 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಸೆಲ್ಸಿಯಸ್ ಮುಟ್ಟಿದರೆ ಅನುಭವಿಗಳು ಮಸ್ಕಿಯ ತಂಟೆಗೇ ಹೋಗುವುದಿಲ್ಲ. ಇದನ್ನೆಲ್ಲ ನಾನು ಓದಿಕೊಂಡದ್ದು ಆಮೇಲೆ.

ಬುಟ್ಟಿಯಲ್ಲಿದ್ದ ಎರಡು ಲ್ಯೂರ್ ವಾಪಸ್ ಗೋಡೆಗೆ ಹೋದವು. ಬದಲಿಗೆ ಕೊಂಡದ್ದು ನೀರಿಗೆ ಇಳಿಬಿಡುವ ಥರ್ಮಾಮೀಟರ್, ಉದ್ದ ಮೂತಿಯ ಪಕ್ಕಡ್, ಕೊಕ್ಕೆಯನ್ನೇ ಕತ್ತರಿಸಿಬಿಡುವ ಕಟರ್.

ನೀರು ನೋಡಿ ಬಣ್ಣ

ಹಿರಿಯರ ಮೊದಲ ಪ್ರಶ್ನೆಗೆ ಉತ್ತರ ಹೇವರ್ಡ್ ಸುತ್ತಲೇ ಇದೆ. ಒಂದು ಕಡೆ ಲಾ ಕೂಡರೇ ಕೆರೆ. ಬರೆಯುವುದು ಫ್ರೆಂಚ್‌ನಲ್ಲಿ, ಉಚ್ಚರಿಸುವುದು ಹೀಗೆ. ತಿಳಿನೀರು, ಆಳ. ಅಲ್ಲಿನ ಮಸ್ಕಿ ಸಿಸ್ಕೊ ಎಂಬ ಬೆಳ್ಳಿ ಬಣ್ಣದ ಮೀನು ತಿಂದು ಕೊಬ್ಬುತ್ತದೆ. ಕಣ್ಣಿಗೆ ಎಲ್ಲ ಕಾಣುತ್ತದೆ, ಹಾಗಾಗಿ ಸುಳ್ಳು ನಿಜದಂತಿರಬೇಕು. ಬೆಳ್ಳಿ, ಬಿಳಿ ಬಣ್ಣ ಸಾಕು.

ಇನ್ನೊಂದು ಕಡೆ ಚಿಪ್ಪೆವಾ ಫ್ಲೋಯೇಜ್. 1923ರಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ, ಸುಮಾರು 15,300 ಎಕರೆಯ ಹಿನ್ನೀರು. ತುಂಬ ದ್ವೀಪಗಳು, ತೇಲುವ ಜೌಗು, ಮುಳುಗಿದ ಮರದ ಬೊಡ್ಡೆಗಳು. ನೀರು ಹಾಲು ಹಾಕದ ಚಹಾದ ಬಣ್ಣ. ಇಲ್ಲಿ ಕಣ್ಣಿಗಿಂತ ಮೈಗೆ ತಾಗುವ ಕಂಪನ ಮುಖ್ಯ. ಕಪ್ಪು ಕೂದಲು, ಕಿತ್ತಳೆ ಅಥವಾ ತಾಮ್ರ ಬಣ್ಣದ ಗರಗರ ತಿರುಗುವ ತಗಡು, ಇಷ್ಟಿದ್ದರೆ ಮೀನು ಅದನ್ನು ಪಕ್ಕೆಯ ಸಂವೇದನಾ ರೇಖೆಯಿಂದಲೇ ಹುಡುಕಿಕೊಂಡು ಬರುತ್ತದೆ.

ಈ ಹಿನ್ನೀರಿನ ಕೆಳಗೆ ಒಜಿಬ್ವೆ ಜನರ ಊರು, ಕಾಡುಭತ್ತದ ಬಯಲು, ಹಿರೀಕರ ಸಮಾಧಿಗಳು ಮುಳುಗಿವೆ. ಅವರ ಒಪ್ಪಿಗೆ ಇಲ್ಲದೆ ಕಟ್ಟಿದ ಅಣೆಕಟ್ಟು ಅದು. ಮಸ್ಕಿ ಎಂಬ ಹೆಸರಿನ ಬೇರೂ ಅವರ ಭಾಷೆಯ ‘ಮಾಶ್ಕಿನೂಝೆ’. ಶರಾವತಿ ಹಿನ್ನೀರಿನ ಕಥೆ ಕೇಳಿ ಬೆಳೆದವರಿಗೆ ಈ ನೀರಿನ ಮೇಲೆ ದೋಣಿ ಬಿಡುವಾಗ ಸುಮ್ಮನೆ ಮಾತು ನಿಲ್ಲುತ್ತದೆ.

ಡಬ್ಬಿಗೆ ಹೋದ ಆರು

ಮನೆಗೆ ಬಂದು 31ನ್ನೂ ನೆಲದ ಮೇಲೆ ಹರಡಿ ಆರು ಆರಿಸಿದೆ.

ಮೊದಲನೆಯದು ಚಿಕ್ಕ ಕಪ್ಪು ಬಕ್‌ಟೇಲ್. ತಿರುಗುವ ತಗಡಿನ ಹಿಂದೆ ಕೂದಲಿನ ಕುಚ್ಚು. ಮೇ ಕೊನೆಯಲ್ಲಿ ಮೊಟ್ಟೆ ಇಟ್ಟು ಸುಸ್ತಾದ ಮೀನಿಗೆ ಚಿಕ್ಕದು, ನಿಧಾನದ್ದೇ ಸರಿ. ಎರಡನೆಯದು ಜೋಡಿ ತಗಡಿನ ದೊಡ್ಡ ಬಕ್‌ಟೇಲ್, ಜೂನ್ ನಂತರಕ್ಕೆ. ಮೂರನೆಯದು ಸೂಯಿಕ್. ಇದೇ ರಾಜ್ಯದ ಆಂಟಿಗೋ ಊರಿನ ಮರದ ಲ್ಯೂರ್. ಬಾಲದ ತಗಡನ್ನು ಬೆರಳಲ್ಲಿ ಬಗ್ಗಿಸಿ ಎಷ್ಟು ಆಳಕ್ಕೆ ಇಳಿಯಬೇಕು ಅಂತ ಹೇಳಬಹುದು. ನಾಲ್ಕನೆಯದು ಬೆಳ್ಳಿ ಬಣ್ಣದ ಮೀನಿನಾಕಾರ, ತಿಳಿನೀರಿಗೆ. ಐದನೆಯದು ಮುಸ್ಸಂಜೆ ನೀರಿನ ಮೇಲೆ ಗುಳುಗುಳು ಸದ್ದು ಮಾಡುತ್ತ ಬರುವಂಥದ್ದು. ಆರನೆಯದು ಅಕ್ಟೋಬರ್‌ನ ಚಳಿನೀರಿಗೆ ದಪ್ಪ ರಬ್ಬರಿನದು.

ಆರರಲ್ಲೂ ಕೊಕ್ಕೆಯ ತುದಿಯ ಹಿಮ್ಮುಖ ಮುಳ್ಳನ್ನು ಪಕ್ಕಡ್‌ನಿಂದ ಒತ್ತಿ ಚಪ್ಪಟೆ ಮಾಡಿದೆ. ಮೀನು ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚಾಯಿತು. ಬಿಡಿಸುವುದು ಮಾತ್ರ ಸುಲಭ.

ಮೆಮೋರಿಯಲ್ ಡೇ ವಾರಾಂತ್ಯದಲ್ಲಿ ಸೀಸನ್ ಶುರುವಾಯಿತು. ಚಿಪ್ಪೆವಾದಲ್ಲಿ ಎರಡು ದಿನ ಎಸೆದೆವು. ಥರ್ಮಾಮೀಟರ್ 61 ಫ್ಯಾರನ್‌ಹೀಟ್ ತೋರಿಸಿತು. ಭಾನುವಾರ ಸಂಜೆ ಚಿಕ್ಕ ಬಕ್‌ಟೇಲ್‌ನ ಹಿಂದೆ ಕಂದು ನೆರಳೊಂದು ಬಂತು. ಮಸ್ಕಿ ದೋಣಿಯವರೆಗೂ ಹಿಂಬಾಲಿಸುವ ಮೀನು. ಅದಕ್ಕೇ ಪ್ರತಿ ಎಸೆತದ ಕೊನೆಗೆ ರಾಡ್ ತುದಿ ನೀರಿನಲ್ಲದ್ದಿ ಇಂಗ್ಲಿಷಿನ 8 ಬರೆಯಬೇಕು. ಬರೆದೆ. ಎರಡನೇ ಸುತ್ತಿಗೆ ಬಾಯಿ ಹಾಕಿತು. 34 ಇಂಚು ಇರಬಹುದು. ಬಲೆಯೊಳಗೆ, ನೀರಿನಲ್ಲೇ ಇಟ್ಟುಕೊಂಡು, ಸಿಕ್ಕಿಕೊಂಡ ಒಂದು ಮುಳ್ಳನ್ನು ಕಟರ್‌ನಿಂದ ಕಟ್ ಮಾಡಿದೆ. ಬಲೆ ಬಗ್ಗಿಸಿದ್ದೇ ತಡ, ಮುಖಕ್ಕೆ ನೀರು ರಾಚಿ ಹೋಯಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ.

“ಫೋಟೊ ಎಲ್ಲಿ?” ಅಂದರು.

“ತೆಗೀಲಿಲ್ಲ.”

“ಹೂಂ. ಮುಳ್ಳು ಹೋಯ್ತಾ? ಹೊಸದು ಹಾಕ್ಕೋ,” ಅಂದರು.

ಹೋಗುವವರಿಗೆ: ಉತ್ತರ ವಿಸ್ಕಾನ್ಸಿನ್‌ನಲ್ಲಿ ಮಸ್ಕಿ ಸೀಸನ್ ಮೇ ಕೊನೆಯ ಹೊತ್ತಿಗೆ ಶುರು. ಹೊರರಾಜ್ಯದವರಿಗೆ ಲೈಸೆನ್ಸ್ ಬೇರೆ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಹೆಚ್ಚಿನ ಕೆರೆಗಳಲ್ಲಿ 40 ಇಂಚಿಗಿಂತ ಚಿಕ್ಕ ಮಸ್ಕಿ ಇಟ್ಟುಕೊಳ್ಳುವಂತಿಲ್ಲ, ಕೆಲವು ಕೆರೆಗಳ ನಿಯಮ ಬೇರೆ. ಮೊದಲ ಸಲ ಹೋಗುವವರು ಲ್ಯೂರ್‌ಗೆ ಮೊದಲು ದೊಡ್ಡ ರಬ್ಬರ್ ಬಲೆ, ಕಟರ್, ಥರ್ಮಾಮೀಟರ್ ಕೊಳ್ಳಿ.