ಕುಳಗಿಯ ಕಾಡಿನಲ್ಲಿ ಒಂದು ಹೂವಿನ ಚಿತ್ರ

ದಾಂಡೇಲಿಯಿಂದ ಅಂಬಿಕಾನಗರದ ಕಡೆ ಹೊರಟ ರಸ್ತೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಕಾಡು ಸೇರುತ್ತದೆ. ಎರಡೂ ಬದಿಗೆ ತೇಗ, ಮತ್ತಿ, ನಂದಿ. ನಡುನಡುವೆ ಬಿದಿರಿನ ಮೆಳೆ. ಹನ್ನೆರಡು ಕಿ.ಮೀ. ಆಸುಪಾಸು ಸಾಗಿದರೆ ಸಿಗುವುದೇ ಕುಳಗಿ. ಮರಗಳ ನೆರಳಿನಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರ, ಡೇರೆಗಳು, ಕಾಡಿನ ಪರಿಚಯ ಮಾಡಿಕೊಡುವ ಒಂದು ಮಾಹಿತಿ ಕೇಂದ್ರ. ಬೆಳಗಿನ ಜಾವ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುವ ಸದ್ದು, ಆಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಬೀಸು. ಶಾಲಾ ಮಕ್ಕಳ ತಂಡ ಬಂದರಂತೂ ಇವೆರಡರ ಜೊತೆಗೆ ಮೂರನೆಯ ಸದ್ದೂ ಸೇರುತ್ತದೆ - ಕ್ಯಾಮೆರಾದ ‘ಕ್ಲಿಕ್’!

ಹಿಂದೆ ಒಂದು ರೀಲಿಗೆ 36 ಚಿತ್ರ. ತೊಳೆಸಿ ಪ್ರಿಂಟ್ ಹಾಕಿಸುವ ಖರ್ಚು ನೆನೆದು ಪ್ರತಿ ಚಿತ್ರಕ್ಕೂ ಹತ್ತು ಸಲ ಯೋಚಿಸಬೇಕಿತ್ತು. ಈಗ ಅಪ್ಪನ ಮೊಬೈಲಿನಲ್ಲೇ ಒಂದು ಬೆಳಿಗ್ಗೆಗೆ ಮುನ್ನೂರು ಚಿತ್ರ ತುಂಬುತ್ತವೆ. ತೆಗೆಯುವುದು ಸುಲಭವಾಗಿದೆ. ತೆಗೆದದ್ದನ್ನು ಕೂತು ನೋಡಿ, ಇದು ಹೀಗೇಕಾಯಿತು ಎಂದು ಹೇಳುವವರು ಮಾತ್ರ ಕಡಿಮೆ. ಮನೆಯವರು ‘ಸೂಪರ್’ ಎನ್ನುತ್ತಾರೆ, ಗೆಳೆಯರು ‘ಚಂದ ಬಂದಿದೆ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಸೀತಾಳೆ ದಂಡೆಯ ಪಾಠ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಈ ಸೀಮೆಯ ಮರಗಳ ಮೇಲೆ ಸೀತಾಳೆ ದಂಡೆ ಅರಳುತ್ತದೆ. ಬಿಳಿ, ನೇರಳೆ ಬಣ್ಣದ ಪುಟ್ಟ ಪುಟ್ಟ ಹೂಗಳ ಜಡೆ ಕೊಂಬೆಯಿಂದ ಇಳಿಬಿದ್ದಿರುತ್ತದೆ. ಹೈಸ್ಕೂಲು ಹುಡುಗಿಯೊಬ್ಬಳು ಕೆಳಗೆ ನಿಂತು ತಲೆಯೆತ್ತಿ ಅದರ ಚಿತ್ರ ತೆಗೆಯುತ್ತಾಳೆ. ಸಂಜೆ ನೋಡಿದರೆ ಹೂವೇ ಕಪ್ಪು! ಹಿಂದಿದ್ದ ಬಿಳಿ ಆಕಾಶವೇ ಕ್ಯಾಮೆರಾದ ಕಣ್ಣು ತುಂಬಿಬಿಟ್ಟಿತ್ತು.

ಇದಕ್ಕೆ ‘ಚೆನ್ನಾಗಿಲ್ಲ’ ಎಂದರೆ ಅವಳು ಕಲಿಯುವುದೇನೂ ಇಲ್ಲ. ‘ಚೆನ್ನಾಗಿದೆ’ ಎಂದರೂ ಅಷ್ಟೆ. ‘ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಹೂವಿನ ಹಿಂದೆ ಮರದ ಕಪ್ಪು ಕಾಂಡ ಬರುವಂತೆ ನಿಂತು ನೋಡಮ್ಮ’ ಎಂದರೆ ಮರುದಿನ ಬೆಳಿಗ್ಗೆ ಅವಳು ಅದೇ ಮರದ ಕೆಳಗೆ ಹಾಜರು. ಜಡೆಯ ತುದಿ ಚೌಕಟ್ಟಿನಲ್ಲಿ ಕತ್ತರಿಸಿ ಹೋಗಿದೆ, ನೂರು ಹೂಗಳಲ್ಲಿ ಒಂದೂ ಸ್ಪಷ್ಟವಾಗಿಲ್ಲ, ಗಾಳಿಗೆ ಅಲುಗಿದೆ - ಇವೆಲ್ಲ ಬೆರಳಿಟ್ಟು ತೋರಿಸಬಹುದಾದ ಮಾತುಗಳು. ಬೆರಳಿಟ್ಟು ತೋರಿಸಲಾಗದ ಹೊಗಳಿಕೆಯೂ ತೆಗಳಿಕೆಯೂ ವಿದ್ಯಾರ್ಥಿಯ ಪಾಲಿಗೆ ಒಂದೇ.

ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳುವವರು ಇನ್ನೂ ಕಡಿಮೆ. ‘ಎಲೆ ಒಂದೂ ಅಡ್ಡ ಬಂದಿಲ್ಲವಲ್ಲ, ಹೇಗೆ ತೆಗೆದೆ?’ ಅಣ್ಣ ಕೊಂಬೆ ಬಗ್ಗಿಸಿ ಹಿಡಿದಿದ್ದ ಎಂಬ ಉತ್ತರ ಬಂದರೆ, ಪಾಠ ಅಲ್ಲಿಂದ ಶುರುವಾಗಬೇಕು. ಸೀತಾಳೆ ದಂಡೆ ಮರದ ರಸ ಹೀರುವ ಬಂದಳಿಕೆಯಲ್ಲ. ತೊಗಟೆಗೆ ಬೇರು ಅಂಟಿಸಿಕೊಂಡು, ಮಳೆ ಮಂಜಿನ ನೀರಿನಲ್ಲಿ ಬದುಕುವ ಗಿಡ. ಹಿಡಿತ ಕಿತ್ತರೆ ಮತ್ತೆ ನೆಲೆ ಕಂಡುಕೊಳ್ಳುವುದು ಸುಲಭವಲ್ಲ. ಅಭಯಾರಣ್ಯದೊಳಗೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ತೀರ್ಪುಗಾರರ ಮಾತು

ಚಿತ್ರಗಳನ್ನು ನಾಲ್ಕು ಜನರ ಮುಂದಿಟ್ಟು ತಿದ್ದಿಸಿಕೊಳ್ಳುವ ಪದ್ಧತಿ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹವ್ಯಾಸಿಗಳನ್ನು ಬೆಳೆಸಿದವು. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು ಮಾಡಿದ ಟಿ.ಎನ್.ಎ. ಪೆರುಮಾಳ್ (1932-2017) ಅವರೂ ಓ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಕೈಯಲ್ಲಿ ಪಳಗಿದವರೇ. ಮುಂದೆ ಅವರು ಎಷ್ಟೋ ಕಿರಿಯರಿಗೆ ಗುರುವಾದರು. ಕಾಡಿನ ಚಿತ್ರ ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ವಿದ್ಯೆ.

ಸ್ಪರ್ಧೆಗಳಿಗೂ ನಿಯಮಗಳಿವೆ. ಛಾಯಾಗ್ರಹಣದ ಮೂರು ದೊಡ್ಡ ಸಂಸ್ಥೆಗಳಾದ ಅಂತಾರಾಷ್ಟ್ರೀಯ ಒಕ್ಕೂಟ ‘ಫಿಯಾಪ್’, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ, ನಿಸರ್ಗ ಚಿತ್ರ ಎಂದರೇನು ಎಂಬುದಕ್ಕೆ 2014ರಲ್ಲಿ ಒಂದೇ ವ್ಯಾಖ್ಯೆಗೆ ಒಪ್ಪಿದವು. ಅದರಂತೆ ಅಂಗಳದಲ್ಲಿ ಬೆಳೆಸಿದ ಗುಲಾಬಿಯ ಚಿತ್ರ ಎಷ್ಟೇ ಸುಂದರವಾಗಿರಲಿ, ನಿಸರ್ಗ ವಿಭಾಗಕ್ಕೆ ಸಲ್ಲದು. ಇದ್ದುದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಚಿತ್ರದ ಅಂದಕ್ಕಿಂತ ಅದು ಹೇಳುವ ನಿಸರ್ಗದ ಕಥೆಗೆ ಹೆಚ್ಚು ತೂಕ. ಬಹುಮಾನ ಬರಲಿಲ್ಲವೆಂದು ಮುಖ ಸಪ್ಪಗೆ ಮಾಡುವ ಮಗುವಿಗೆ ಈ ನಿಯಮ ಓದಿಸಿದರೆ ಅರ್ಧ ದುಃಖ ಇಳಿಯುತ್ತದೆ.

ಗೂಡಿನ ಮುಂದೆ

ಕುಳಗಿಯ ಸುತ್ತಿನ ಕಾಡಿನಲ್ಲಿ ಈ ಮಾತಿಗೆ ಮತ್ತೂ ಹೆಚ್ಚಿನ ಬೆಲೆ. ಪಶ್ಚಿಮಘಟ್ಟದ ನಾಲ್ಕೂ ಬಗೆಯ ಮಂಗಟ್ಟೆಗಳಿರುವ ಸೀಮೆ ಇದು. 2011ರಲ್ಲಿ ಕಾಳಿ ನದಿಯ ಆಸುಪಾಸಿನಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಮೊಟ್ಟೆಯಿಡುವ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕುಳಿತು ಬಾಯನ್ನು ಮುಚ್ಚಿಕೊಳ್ಳುತ್ತದೆ. ಬಿಡುವುದು ಒಂದು ಸಣ್ಣ ಸೀಳು ಮಾತ್ರ. ವಾರಗಟ್ಟಲೆ ಗಂಡು ತಂದ ಹಣ್ಣೇ ಅದಕ್ಕೆ ಆಹಾರ, ಮರಿಗಳಿಗೂ ಅದೇ. ಆ ಮರದ ಬುಡದಲ್ಲಿ ಹತ್ತು ಜನ ಕ್ಯಾಮೆರಾ ಹಿಡಿದು ನಿಂತರೆ? ಗಂಡು ಹಣ್ಣು ಕಚ್ಚಿಕೊಂಡು ದೂರದ ಕೊಂಬೆಯಲ್ಲೇ ಕಾಯುತ್ತದೆ. ಒಳಗಿನ ಹಸಿವು ಚಿತ್ರದಲ್ಲಿ ಕಾಣುವುದಿಲ್ಲ.

ಇಂಥ ಚಿತ್ರವನ್ನು ಮಗ ಹೆಮ್ಮೆಯಿಂದ ತೋರಿಸಿದಾಗ ಅಪ್ಪ ‘ಭೇಷ್’ ಎಂದುಬಿಟ್ಟರೆ, ಮುಂದಿನ ಸಲ ಅವನು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾನೆ. ‘ಎಷ್ಟು ದೂರದಲ್ಲಿ ನಿಂತಿದ್ದೆ? ಎಷ್ಟು ಹೊತ್ತು ಇದ್ದೆ? ಗಂಡು ಹಕ್ಕಿ ಬಂತಾ?’ ಎಂದು ಕೇಳಿದರೆ ಅವನು ಮರದ ಕಡೆ ನೋಡುವ ರೀತಿಯೇ ಬೇರೆಯಾಗುತ್ತದೆ. ಹೂವಿನ ಚಿತ್ರದಲ್ಲಿ ತಪ್ಪಿದರೆ ಕೆಡುವುದು ಚಿತ್ರ. ಗೂಡಿನ ಚಿತ್ರದಲ್ಲಿ ತಪ್ಪಿದರೆ ಕೆಡುವುದು ಒಂದು ಸಂಸಾರ.

ಕೇಳುವುದೂ ಒಂದು ವಿದ್ಯೆ

ಹೇಳುವವರಿಗೆ ನಯ ಬೇಕು: ಮೊದಲು ಚಿತ್ರದಲ್ಲಿ ಒಪ್ಪವಾದದ್ದು, ಆಮೇಲೆ ತಿದ್ದಬೇಕಾದ ಒಂದು ಅಥವಾ ಎರಡು ಸಂಗತಿ. ಹತ್ತು ತಪ್ಪು ಒಟ್ಟಿಗೆ ಎಣಿಸಿದರೆ ಮಗು ಕ್ಯಾಮೆರಾ ಮೂಲೆಗಿಡುತ್ತದೆ. ಕೇಳುವವರಿಗೆ ತಾಳ್ಮೆ ಬೇಕು: ‘ಬೆಳಕಿರಲಿಲ್ಲ’, ‘ಮೊಬೈಲ್ ಹಳೆಯದು’ ಎಂಬ ಸಬೂಬುಗಳನ್ನು ಸ್ವಲ್ಪ ಹೊತ್ತು ನುಂಗಿಕೊಂಡು ಕೇಳಬೇಕು. ಎಲ್ಲ ಸಲಹೆಯನ್ನೂ ಒಪ್ಪಲೇಬೇಕೆಂದಿಲ್ಲ. ಮೂವರು ಒಂದೇ ಕಡೆ ಬೆರಳಿಟ್ಟರೆ ಮಾತ್ರ ಅಲ್ಲೊಂದು ಸಲ ಮತ್ತೆ ನೋಡುವುದು ಲೇಸು.

ಹುಬ್ಬಳ್ಳಿಯಿಂದ ದಾಂಡೇಲಿಗೆ ಸುಮಾರು 75 ಕಿ.ಮೀ. ಕುಳಗಿಯಲ್ಲಿ ಉಳಿಯುವುದಾದರೆ ಅರಣ್ಯ ಇಲಾಖೆಯಲ್ಲಿ ಮುಂಗಡವಾಗಿ ಸ್ಥಳ ಕಾಯ್ದಿರಿಸಿಕೊಂಡು ಹೋಗುವುದು ಒಳ್ಳೆಯದು. ಇದು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಪಡೆದಿರುವ ಕಾಡು. ಸಿಬ್ಬಂದಿಯ ಮಾತು ಮೀರಿ ದಾರಿ ಬಿಟ್ಟು ಹೋಗುವಂತಿಲ್ಲ. ರಾತ್ರಿ ಊಟವಾದ ಮೇಲೆ ಮುನ್ನೂರು ಚಿತ್ರಗಳಲ್ಲಿ ಮೂರನ್ನು ಮಾತ್ರ ಆರಿಸಿ ಅಪ್ಪ ಅಮ್ಮನ ಮುಂದಿಡಲು ಮಕ್ಕಳಿಗೆ ಹೇಳಿ ನೋಡಬಹುದು. ಬೆಳಗಾದರೆ ಹೇಗೂ ಮತ್ತಿ ಮರ ಅಲ್ಲೇ ಇರುತ್ತದೆ, ಸೀತಾಳೆ ದಂಡೆಯೂ ಅಲ್ಲೇ ಇರುತ್ತದೆ. ಯಾರೂ ಕೀಳದಿದ್ದರೆ.