ಎಸ್.ಪಿ. ರಸ್ತೆಯಲ್ಲೊಂದು ಪುಟಾಣಿ ಸರ್ವರ್

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಗದ್ದಲ ದಾಟಿ ಟೌನ್‌ಹಾಲ್ ಕಡೆಗೆ ಹೊರಟರೆ ಗಲ್ಲಿಗಳ ನಡುವೆ ಬೇರೆಯದೇ ಒಂದು ಲೋಕ ಎದುರಾಗುತ್ತದೆ. ಅದೇ ಎಸ್.ಪಿ. ರಸ್ತೆ. ಇಕ್ಕಟ್ಟಾದ ಅಂಗಡಿಗಳು, ಅಟ್ಟದವರೆಗೂ ಪೇರಿಸಿದ ಡಬ್ಬಿಗಳು. ಒಂದೆಡೆ ರೆಸಿಸ್ಟರು, ಕೆಪಾಸಿಟರು. ಇನ್ನೊಂದೆಡೆ ವೈರಿನ ಸುರುಳಿ. ಪಕ್ಕದಲ್ಲೇ ಯಾವುದೋ ಕಚೇರಿಯಿಂದ ನಿವೃತ್ತವಾಗಿ ಬಂದ ಕಂಪ್ಯೂಟರುಗಳು. ಇವುಗಳ ನಡುವೆ ತಳ್ಳುಗಾಡಿ, ಸ್ಕೂಟರು, ಎಂಜಿನಿಯರಿಂಗ್ ಓದುವ ಹುಡುಗರ ಹಿಂಡು.

ಇಂಥಲ್ಲಿ ಹಳ್ಳಿಶಾಲೆಯ ಮೇಷ್ಟ್ರಿಗೆ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಶಾಲೆಗೆ ಇಂಟರ್ನೆಟ್ ಬರುವುದು, ಹೋಗುವುದು ಮಳೆಯಿದ್ದಂತೆ. ಆದ್ದರಿಂದ ಕನ್ನಡ ವಿಕಿಪೀಡಿಯವನ್ನೂ ಪಾಠದ ಚಿತ್ರಗಳನ್ನೂ ಶಾಲೆಯೊಳಗೇ ಇಟ್ಟು, ಕೇಳಿದ ಮಕ್ಕಳಿಗೆ ಪುಟ ಬಡಿಸುವ ಒಂದು ಸರ್ವರ್ ಬೇಕಿತ್ತು. ಇಡೀ ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ಎಂಬ ತಂತ್ರಾಂಶ ಉಚಿತ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸೂ ಉಚಿತ. ದುಡ್ಡು ಬೇಕಾದದ್ದು ಯಂತ್ರಕ್ಕೆ ಮಾತ್ರ. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ನಾಲ್ಕು ಸಾವಿರ ರೂಪಾಯಿ ಜೇಬಿನಲ್ಲಿತ್ತು.

"ಎಷ್ಟು ಮಕ್ಕಳು ನೋಡ್ತಾರೆ ಸಾರ್, ಒಟ್ಟಿಗೆ?" ಅಂಗಡಿಯಾತನ ಮೊದಲ ಪ್ರಶ್ನೆಯೇ ಇದು. ಸರಿಯಾದ ಪ್ರಶ್ನೆ. ಹತ್ತು-ಹನ್ನೆರಡು ಎಂದೆ.

ಎಲ್ಲಕ್ಕಿಂತ ಅಗ್ಗದ ಇಎಸ್‌ಪಿ32 ಚಿಪ್ಪನ್ನು ಅವರು ಮುಂದಿಟ್ಟರು. ಅದೂ ಪುಟ ಬಡಿಸಬಲ್ಲದು. ಆದರೆ ಅದರ ಒಳನೆನಪು 520 ಕಿಲೋಬೈಟ್. ನಮಗೆ ಬೇಕಾದ ಲಿನಕ್ಸ್ ಅದರಲ್ಲಿ ಕಾಲು ಚಾಚಲಾರದು. ಹಳೆಯ ವೈ-ಫೈ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಪುಟ್ಟ ಲಿನಕ್ಸ್ ತುಂಬುವ ದಾರಿಯೂ ಇದೆ. ಆದರೆ ಅಗ್ಗದ ಹಳೆಯ ರೌಟರುಗಳಲ್ಲಿ ಹಲವಕ್ಕೆ ಫ್ಲ್ಯಾಶ್ ನೆನಪು ಬರೀ 4 ಮೆಗಾಬೈಟ್.

ಪುಕ್ಕಟೆಯಾಗಿ ಸಿಗುವ ಹಳೆಯ ಡೆಸ್ಕ್‌ಟಾಪ್ ಸಾಲದೇ? ಇಲ್ಲೇ ಲೆಕ್ಕ ಬೇಕು. ಅದು 60 ವ್ಯಾಟ್ ತಿಂದರೆ, ದಿನಕ್ಕೆ 8 ಗಂಟೆಯಂತೆ 220 ದಿನಕ್ಕೆ ಸುಮಾರು 106 ಯೂನಿಟ್. 2 ವ್ಯಾಟಿನ ಪುಟ್ಟ ಬೋರ್ಡಿಗೆ ಮೂರೂವರೆ ಯೂನಿಟ್ ಸಾಕು. ಬಿಲ್ಲಿನ ಮಾತು ಹಾಗಿರಲಿ, ಕರೆಂಟ್ ಹೋದಾಗ ಡೆಸ್ಕ್‌ಟಾಪ್ ಆ ಕ್ಷಣವೇ ಕಣ್ಣು ಮುಚ್ಚುತ್ತದೆ. 10,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ ಇರುವುದು ಸುಮಾರು 37 ವ್ಯಾಟ್-ಗಂಟೆ. ಸೋರಿಕೆ ಕಳೆದರೂ ಪುಟ್ಟ ಬೋರ್ಡು ಹತ್ತು ಗಂಟೆ ಓಡುತ್ತದೆ. ಆದರೆ ಚಾರ್ಜ್ ಆಗುತ್ತಲೇ ವಿದ್ಯುತ್ ಹೊರಗೂ ಕೊಡುವ ಪವರ್‌ಬ್ಯಾಂಕ್ ಆಗಬೇಕು. ಇದನ್ನು ಅಂಗಡಿಯಲ್ಲೇ ಹಚ್ಚಿ ನೋಡುವುದು ಒಳ್ಳೆಯದು.

ಕೊನೆಗೆ ಕೈಗೆ ಬಂದದ್ದು ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯು. 2021ರ ಅಕ್ಟೋಬರಿನಲ್ಲಿ 15 ಡಾಲರ್ ಬೆಲೆಗೆ ಹೊರಬಂದ ಬೋರ್ಡು ಇದು. ಉದ್ದ 65 ಮಿ.ಮೀ., ಅಗಲ 30 ಮಿ.ಮೀ. ನಾಲ್ಕು ಕೋರ್, 512 ಮೆಗಾಬೈಟ್ ನೆನಪು, ವೈ-ಫೈ. ಮಕ್ಕಳಿಗೆ ಸಂಪರ್ಕ ಹಂಚುವ ಭಾರವನ್ನು ಶಾಲೆಯ ರೌಟರ್ ಹೊತ್ತರೆ, ಪುಟ ಬಡಿಸುವುದಷ್ಟೇ ಇದರ ಪಾಲಿನ ಕೆಲಸ.

ಮದುವೆಗಿಂತ ಉಡುಗೊರೆ ಖರ್ಚೇ ಹೆಚ್ಚು ಎನ್ನುವಂತೆ, ಬೋರ್ಡಿನ ಜೊತೆಗೆ 5 ವೋಲ್ಟಿನ ಅಡಾಪ್ಟರ್, ಮಿನಿ ಎಚ್‌ಡಿಎಂಐ ಕೊಂಡಿ, ಡಬ್ಬಿ, ಮೆಮೊರಿ ಕಾರ್ಡ್ ಇವೆಲ್ಲ ಸೇರುತ್ತವೆ. ಉಳಿತಾಯ ಮಾಡಬಾರದ ಜಾಗ ಕಾರ್ಡು. 64 ಗಿಗಾಬೈಟ್ ಎಂದು ಅಚ್ಚಾಗಿದ್ದರೂ ಒಳಗೆ ಅಷ್ಟಿಲ್ಲದ ನಕಲಿಗಳು ಮಾರುಕಟ್ಟೆಯಲ್ಲಿವೆ. ಕಾರ್ಡಿನ ತುಂಬ ಬರೆದು, ಮತ್ತೆ ಓದಿ ನೋಡುವುದೊಂದೇ ಪರೀಕ್ಷೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಕಡತಗಳು ಕೆಡಬಹುದು. ಆದ್ದರಿಂದ ಅದನ್ನು ಓದಲು ಮಾತ್ರ ಎಂಬ ಸ್ಥಿತಿಯಲ್ಲಿಟ್ಟು, ಅದರ ಪ್ರತಿಯೊಂದನ್ನು ಬೀರುವಿನಲ್ಲಿ ಇಟ್ಟುಕೊಂಡರೆ ಮೇಷ್ಟ್ರು ವರ್ಗವಾಗಿ ಹೋದರೂ ಸರ್ವರ್ ಉಳಿಯುತ್ತದೆ.

ನಾಲ್ಕು ಸಾವಿರದೊಳಗೆ ಎಲ್ಲ ಮುಗಿದು, ಎರಡನೆಯ ಕಾರ್ಡಿಗೂ ಹಣ ಉಳಿಯಿತು. ಹೋಗುವವರು ಮೆಟ್ರೊದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ನಾಲ್ಕು ಅಂಗಡಿ ವಿಚಾರಿಸಿ, ಬಿಲ್ಲು ಕೇಳಿ ಪಡೆಯಿರಿ. ಎಷ್ಟು ಮಕ್ಕಳು, ಎಷ್ಟು ಹೊತ್ತು, ಎಷ್ಟು ವ್ಯಾಟ್ ಎಂಬ ಮೂರು ಉತ್ತರಗಳನ್ನು ಮಾತ್ರ ಮನೆಯಿಂದಲೇ ಬರೆದುಕೊಂಡು ಹೋಗಿ.